ಕ್ಯಾನಿಸ್ಟರ್ ಫಿಲ್ಟರಿನಲ್ಲಿ ಏರ್ ಕಟ್ಟಿದಾಗ

(ಅಕ್ವೇರಿಯಂ ಇಟ್ಟುಕೊಂಡವರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

"ಫಿಲ್ಟರ್ ಸದ್ದು ಮಾಡ್ತಿದೆ, ಏರ್ ಕಟ್ಟಿರಬೇಕು" ಎನ್ನುವ ದೂರು ಬಂದಾಗಲೆಲ್ಲ ಮೊದಲು ಕೇಳಬೇಕಾದದ್ದು ಒಂದೇ: ಎಂಥ ಸದ್ದು? ಕ್ಯಾನಿಸ್ಟರ್ ಎಂದರೆ ತೊಟ್ಟಿಯ ನೀರನ್ನು ಒಂದು ಪೈಪಿನಲ್ಲಿ ತಂದು, ಸೋಸಿ, ಇನ್ನೊಂದು ಪೈಪಿನಲ್ಲಿ ವಾಪಸ್ ಕಳಿಸುವ ಮುಚ್ಚಿದ ಡಬ್ಬಿ; ತೊಟ್ಟಿಯ ಕೆಳಗಿನ ಕಪಾಟಿನಲ್ಲಿ ಕೂತು ಅದು ಹಲವು ಥರ ಗೊಣಗುತ್ತದೆ. ಎಡೆಬಿಡದ ಕಟಕಟ, ಅದೂ ಒಂದೇ ಲಯದಲ್ಲಿ ಕೇಳಿದರೆ ಗಾಳಿಯ ಮೇಲೆ ಅನುಮಾನ ಬೇಡ. ಇಂಪೆಲ್ಲರಿನ (ಪಂಪಿನೊಳಗೆ ತಿರುಗುವ ರೆಕ್ಕೆಚಕ್ರದ) ದಂಡ ಸವೆದಿದೆ, ಇಲ್ಲವೇ ಮರಳಿನ ಕಣವೋ ಬಸವನಹುಳದ ಮರಿಯೋ ಒಳಗೆ ಸಿಕ್ಕಿಕೊಂಡಿದೆ. ಕರೆಂಟು ಹೋಗಿ ಇನ್ವರ್ಟರ್ ಶುರುವಾದ ಕೂಡಲೇ ಗುಂಯ್ ಎನ್ನತೊಡಗಿದರೆ ತಪ್ಪು ಇನ್ವರ್ಟರಿನದು. ಸ್ಕ್ವೇರ್ ವೇವ್ ಇನ್ವರ್ಟರಿನ ಕರೆಂಟಿಗೆ ಇಂಥ ಸಣ್ಣ ಮೋಟಾರುಗಳು ಹಾಗೆಯೇ ಗುಂಯ್‌ಗುಡುತ್ತವೆ. ಗಾಳಿಯ ಸದ್ದು ಬೇರೆ. ತುಂಬಿದ ಬಿಂದಿಗೆಯನ್ನು ಬೋರಲು ಹಾಕಿದಂತೆ ಗುಳುಗುಳು, ನಡುವೆ ಕರ್ರ್ ಎಂಬ ಒಣ ಸದ್ದು, ನೀರಿನ ಓಟ ಒಮ್ಮೆ ಸೋತು, ಆಮೇಲೆ ಸ್ಪ್ರೇ ಬಾರಿನಿಂದ (ನೀರು ತೊಟ್ಟಿಗೆ ಮರಳುವ ತೂತುಗಳ ಕೊಳವೆಯಿಂದ) ಒಂದು ಹಿಡಿ ಗುಳ್ಳೆ ಭುಸ್ಸೆಂದು ಹೊರಗೆ. ಈ ಲಯ ತಪ್ಪಿದ ಸದ್ದೇ ಇವತ್ತಿನ ವಿಷಯ.

ಇಷ್ಟು ನೀರನ್ನು ತಳ್ಳುವ ಪಂಪು ಒಂದು ಮುಷ್ಟಿ ಗಾಳಿಯನ್ನು ಯಾಕೆ ತಳ್ಳಲಾರದು? ಮುಕ್ಕಾಲು ಭಾಗ ನೀರು ತುಂಬಿದ ಈ ಒಂದು ಲೀಟರಿನ ಬಾಟಲಿ ನೋಡಿ. ನೆಟ್ಟಗೆ ಹಿಡಿದು ಗಿರ್ರನೆ ಸುತ್ತಿಸುತ್ತೇನೆ. ನೀರು ಗೋಡೆಗೆ ಒತ್ತಿಕೊಂಡಿತು, ಗಾಳಿ ನಡುವೆ ಬುಗುರಿಯ ಆಕಾರದಲ್ಲಿ ಕೆಳಗಿಳಿಯಿತು. ತಿರುಗುವುದರಲ್ಲಿ ಭಾರದ್ದು ಹೊರಕ್ಕೆ ಹೋಗುತ್ತದೆ, ಹಗುರವಾದದ್ದು ನಡುವೆ ಉಳಿಯುತ್ತದೆ. ಫಿಲ್ಟರಿನ ತಲೆಯೊಳಗೂ, ಅಂದರೆ ಪಂಪು ಕೂತ ಮುಚ್ಚಳದ ಭಾಗದಲ್ಲೂ, ಇದೇ ಆಟ. ನಮ್ಮ 50 ಹರ್ಟ್ಸ್ ಕರೆಂಟಿನಲ್ಲಿ ಇಂಥ ಇಂಪೆಲ್ಲರುಗಳು ಸಾಮಾನ್ಯವಾಗಿ ನಿಮಿಷಕ್ಕೆ 3000 ಸುತ್ತು ಹಾಕುತ್ತವೆ. ನೀರು ಒಳಬರುವ ಬಾಯಿ ಇರುವುದು ಇಂಪೆಲ್ಲರಿನ ನಟ್ಟನಡುವೆ. ಗಾಳಿ ಹೋಗಿ ಕೂರುವುದೂ ಅಲ್ಲೇ, ಬಾಗಿಲಿಗೆ ಅಡ್ಡ ಮಲಗಿದ ನಾಯಿಯ ಹಾಗೆ. ಪಂಪು ಜೋರಾಗಿ ತಿರುಗಿದಷ್ಟೂ ಅದು ಅಲ್ಲೇ ಗಟ್ಟಿಯಾಗುತ್ತದೆ.

ಲೆಕ್ಕವೂ ಸರಳ. ನೀರು ಗಾಳಿಗಿಂತ ಸುಮಾರು 800 ಪಟ್ಟು ಭಾರ. ನೀರನ್ನು 2 ಮೀಟರ್ ಎತ್ತುವ ಪಂಪು, ಒಳಗೆ ಬರೀ ಗಾಳಿ ಇದ್ದಾಗ ಹುಟ್ಟಿಸುವ ಒತ್ತಡ ಎರಡೂವರೆ ಮಿಲಿಮೀಟರ್ ನೀರಿಗೆ ಸಮ. ಅದರಿಂದ ಪೈಪಿನಲ್ಲಿ ನಿಂತ ನೀರು ಅಲ್ಲಾಡುವುದೂ ಇಲ್ಲ. ಬಾವಿಯ ದಂಡೆಯ ಮೋಟಾರಿಗೆ ಕೊಡದಲ್ಲಿ ನೀರು ಹೊಯ್ದು, ಫುಟ್‌ವಾಲ್ವ್ ನೀರು ಹಿಡಿದ ಮೇಲೆಯೇ ಸ್ವಿಚ್ ಹಾಕುವ ರೈತರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಫಿಲ್ಟರ್ ಅದೇ ಜಾತಿಯ ಪಂಪು, ಗಾತ್ರ ಸಣ್ಣದು, ಅಷ್ಟೇ. ವ್ಯತ್ಯಾಸ ಒಂದಿದೆ: ಬಾವಿಯ ಮೋಟಾರು ನೀರನ್ನು ಕೆಳಗಿನಿಂದ ಹೀರಬೇಕು. ಕ್ಯಾನಿಸ್ಟರಿಗೆ ನೀರು ಮೇಲಿನಿಂದ ತಾನಾಗಿಯೇ, ಸೈಫನ್ ಆಗಿ, ಇಳಿದು ಬರುತ್ತದೆ. ಪಂಪಿನ ಕೆಲಸ ಅದನ್ನು ವಾಪಸ್ ತಳ್ಳುವುದು ಮಾತ್ರ. ಸೈಫನ್ ಹಿಡಿಯದಿದ್ದರೆ ಉಳಿದದ್ದೆಲ್ಲ ವ್ಯರ್ಥ.

ಹಾಗಾಗಿ, ಸ್ವಚ್ಛ ಮಾಡಿ ಮತ್ತೆ ಜೋಡಿಸುವಾಗ ಖಾಲಿ ಡಬ್ಬಿಗೆ ಮುಚ್ಚಳ ಹಾಕಿ ಸ್ವಿಚ್ ಒತ್ತುವುದು ಬಿಡಿ. ಪ್ಲಗ್ ಕಿತ್ತಿಟ್ಟು, ಡಬ್ಬಿಗೆ ಅರ್ಧದಷ್ಟು ತೊಟ್ಟಿಯ ನೀರನ್ನೇ ಹಾಕಿ. ಸೋಸುವ ಸಾಮಗ್ರಿ ತುಂಬಿದ ಬುಟ್ಟಿಗಳನ್ನು ಒಂದೊಂದಾಗಿ, ಓರೆಯಾಗಿ, ನಿಧಾನವಾಗಿ ಮುಳುಗಿಸಿ. ತಳದಿಂದ ಗುಳ್ಳೆ ಹೊರಡುವುದು ನಿಲ್ಲುವ ತನಕ ಮುಂದಿನದನ್ನು ಇಳಿಸಬೇಡಿ. ಸ್ಪಂಜನ್ನು ನೀರಿನೊಳಗೇ ಹಿಂಡಿ, ನೀರಿನೊಳಗೇ ಬಿಡಬೇಕು. ಹೊರಗೆ ಹಿಂಡಿ ತಂದು ಇಟ್ಟರೆ ಅದು ಸ್ಪಂಜಲ್ಲ, ಗಾಳಿಯ ಮೂಟೆ. ಬುಟ್ಟಿಗಳು ಕೂತ ಮೇಲೆ ಅಂಚಿಗೆ ಎರಡು ಬೆರಳು ಬಾಕಿ ಇರುವಂತೆ ನೀರು ತುಂಬಿ, ಓ-ರಿಂಗನ್ನೂ (ಮುಚ್ಚಳದ ರಬ್ಬರ್ ಉಂಗುರವನ್ನೂ) ಅದು ಕೂರುವ ತೋಡನ್ನೂ ಬಟ್ಟೆಯಲ್ಲಿ ಒರೆಸಿ, ತೆಳ್ಳಗೆ ಸಿಲಿಕೋನ್ ಗ್ರೀಸ್ ಸವರಿ ಮುಚ್ಚಿ. ವ್ಯಾಸಲೀನ್ ಬೇಡ, ಕೆಲವು ಜಾತಿಯ ರಬ್ಬರ್ ಅದರಿಂದ ಊದಿಕೊಳ್ಳುತ್ತದೆ. ಕ್ಲಿಪ್ಪುಗಳನ್ನು ಎದುರುಬದುರಾಗಿ ಜೋಡಿಜೋಡಿಯಾಗಿ ಒತ್ತಿ. ಒಂದೇ ಕಡೆಯಿಂದ ಸಾಲಾಗಿ ಒತ್ತುತ್ತ ಹೋದರೆ ಇನ್ನೊಂದು ಕಡೆ ಓ-ರಿಂಗ್ ಮಡಚಿಕೊಳ್ಳುತ್ತದೆ.

ಈಗ ನೀರು ಹೊರಬರುವ ಪೈಪಿನ ತುದಿಯನ್ನು ತೊಟ್ಟಿಯ ನೀರಿನಿಂದ ಮೇಲಕ್ಕೆತ್ತಿ ಹಿಡಿಯಿರಿ. ಹೆಚ್ಚಿನವರು ಮರೆಯುವುದು ಇದನ್ನೇ. ಒಳಗಿನ ಗಾಳಿಗೆ ಹೊರಬರಲು ದಾರಿ ಬೇಕಲ್ಲ! ತುದಿ ಮುಳುಗಿದ್ದರೆ ಗಾಳಿ ನೀರನ್ನು ತಳ್ಳಿಕೊಂಡು ಬರಬೇಕು. ಒಳಬರುವ ವಾಲ್ವ್ ಮೊದಲು, ಹೊರಹೋಗುವ ವಾಲ್ವ್ ಆಮೇಲೆ ತೆರೆಯಿರಿ. ನೀರನ್ನು ಡಬ್ಬಿಗೆ ಎಳೆದುಕೊಳ್ಳುವ ಪ್ರೈಮಿಂಗ್ ಬಟನ್ ಇದ್ದರೆ ಐದಾರು ಸಲ ನಿಧಾನವಾಗಿ, ಪೂರ್ತಿ ಒತ್ತಿ ಪೂರ್ತಿ ಬಿಡುತ್ತ ಒತ್ತಿ. ನೀರು ಇಳಿಯುವ ಸದ್ದು ಕೇಳುತ್ತದೆ, ಇನ್ನೊಂದು ಪೈಪಿನಿಂದ ಬುಸ್ಸೆಂದು ಗಾಳಿ ಬರುತ್ತದೆ. ಹೊರಹೋಗುವ ಪೈಪಿನಲ್ಲಿ ನೀರು ಏರಿ, ತೊಟ್ಟಿಯ ನೀರಿನ ಮಟ್ಟಕ್ಕೇ ಬಂದು ನಿಂತಿತೆಂದರೆ ಡಬ್ಬಿ ತುಂಬಿತು. ಆ ಮಟ್ಟ ಕಣ್ಣಿಗೆ ಬೀಳುವ ತನಕ ಪ್ಲಗ್ ಮುಟ್ಟಬೇಡಿ. ಬಣ್ಣದ ಪೈಪಿನಲ್ಲಿ ನೀರು ಕಾಣದಿದ್ದರೆ ಹಿಂದಿನಿಂದ ಮೊಬೈಲ್ ಟಾರ್ಚ್ ಹಿಡಿಯಿರಿ. ಪೈಪನ್ನು ಬಾಯಿಂದ ಹೀರುವ ಅಭ್ಯಾಸವಿದ್ದರೆ ಇವತ್ತೇ ಬಿಡಿ.

ಇಷ್ಟಾದ ಮೇಲೂ ಬುಟ್ಟಿಗಳ ಸಂದಿಯಲ್ಲಿ ಸ್ವಲ್ಪ ಗಾಳಿ ಉಳಿದೇ ಇರುತ್ತದೆ. ಪಂಪನ್ನು 10 ಸೆಕೆಂಡ್ ಓಡಿಸಿ, 30 ಸೆಕೆಂಡ್ ನಿಲ್ಲಿಸಿ. ಹೀಗೆ ಐದಾರು ಸಲ. ನಿಲ್ಲಿಸಿದ ಹೊತ್ತಿನಲ್ಲಿ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು 20–30 ಡಿಗ್ರಿ ಆ ಕಡೆ ಈ ಕಡೆ ವಾಲಿಸಿ. ಇಲ್ಲಿ ಮುಖ್ಯವಾದದ್ದು ನಿಲ್ಲಿಸುವುದು, ಓಡಿಸುವುದಲ್ಲ. ತಿರುಗುತ್ತಿರುವಾಗ ಇಂಪೆಲ್ಲರಿನ ನಡುವೆ ಸೆರೆಯಾಗಿದ್ದ ಗಾಳಿ, ತಿರುಗುವುದು ನಿಂತಾಗ ಮಾತ್ರ ಬಿಡುಗಡೆಯಾಗಿ ಹೊರಪೈಪಿನಲ್ಲಿ ಮೇಲೇರುತ್ತದೆ. "ಅರ್ಧ ಗಂಟೆ ಓಡಿಸಿಯೇ ಬಿಟ್ಟೆ, ಆದರೂ ಹೋಗಲಿಲ್ಲ" ಎನ್ನುವವರು ಗಾಳಿಯನ್ನು ಅರ್ಧ ಗಂಟೆ ಅಲ್ಲೇ ಹಿಡಿದಿಟ್ಟಿದ್ದಾರೆ. ಜೊತೆಗೆ ಇಂಪೆಲ್ಲರಿನ ದಂಡಕ್ಕೂ ರಬ್ಬರ್ ಬುಶ್ಶಿಗೂ ನೀರೇ ಎಣ್ಣೆ, ನೀರೇ ತಂಪು. ಒಣಗಿ ಓಡಿದರೆ ಎರಡೂ ಸವೆಯುತ್ತವೆ.

ಪೈಪಿನ ದಾರಿಯನ್ನೂ ಒಮ್ಮೆ ನೋಡಿ. ತೊಟ್ಟಿಯ ಅಂಚು ದಾಟಿದ ಮೇಲೆ ಪೈಪು ಡಬ್ಬಿಯ ತನಕ ಇಳಿಯುತ್ತಲೇ ಹೋಗಬೇಕು. ಉದ್ದ ಜಾಸ್ತಿಯಾಗಿ ನೆಲಕ್ಕೆ ಜೋತು ಮತ್ತೆ ಏರಿದರೆ, ಆ ಏರಿನ ನೆತ್ತಿಯಲ್ಲಿ ಗಾಳಿ ಕೂರುತ್ತದೆ. "ಮುಂದೆ ಬೇಕಾದೀತು" ಎಂದು ಸುತ್ತಿಟ್ಟ ಹೆಚ್ಚುವರಿ ಪೈಪನ್ನು ಕತ್ತರಿಸಿ ಹಾಕಿ.

ಗಾಳಿ ಹೊರಡಿಸುವುದು ಇಷ್ಟೇ, ಇದು ಸುಲಭದ ಭಾಗ. ನಿನ್ನೆ ಹೊರಡಿಸಿದ ಗಾಳಿ ಇವತ್ತು ಮತ್ತೆ ಬಂದಿದ್ದರೆ ಏನು ಮಾಡುವುದು? ಡಬ್ಬಿಯನ್ನು ಇನ್ನೊಮ್ಮೆ ವಾಲಿಸಿ ಪ್ರಯೋಜನವಿಲ್ಲ; ಅದು ಎಲ್ಲಿಂದ ಬರುತ್ತಿದೆ ಎಂದು ಹುಡುಕಬೇಕು. ಹುಡುಕುವ ಮುನ್ನ ಅಳೆಯಬೇಕು. ಪ್ಲಾಸ್ಟಿಕ್ ಬಾಟಲಿಯೊಂದರ ತಳ ಕತ್ತರಿಸಿ, ಮುಚ್ಚಳ ಬಿಗಿಯಾಗಿ ಹಾಕಿ, ತೊಟ್ಟಿಯಲ್ಲಿ ಪೂರ್ತಿ ಮುಳುಗಿಸಿ ನೀರು ತುಂಬಿಸಿ, ಮುಚ್ಚಳ ಮೇಲೆ ಬರುವಂತೆ ಎತ್ತಿ. ಸ್ಪ್ರೇ ಬಾರ್ ತೆಗೆದು, ಹೊರಬರುವ ಪೈಪಿನ ಬಾಯಿಯನ್ನು ಈ ಬಾಟಲಿಯೊಳಗೆ ತೂರಿಸಿ. ಒಂದು ತಾಸಿನಲ್ಲಿ ಕೂಡಿದ ಗಾಳಿಯ ಮಟ್ಟಕ್ಕೆ ಮಾರ್ಕರಿನಲ್ಲಿ ಗೆರೆ ಹಾಕಿ. ನಾಳೆ, ನಾಡಿದ್ದು ಅದೇ ಹೊತ್ತಿಗೆ ಮತ್ತೊಮ್ಮೆ. ದಿನದಿನಕ್ಕೆ ಕಡಿಮೆಯಾದರೆ ಅದು ಒಳಗೆ ಉಳಿದಿದ್ದ ಹಳೇ ಗಾಳಿ; ಬಿಟ್ಟುಬಿಡಿ, ತಾನೇ ಮುಗಿಯುತ್ತದೆ. ಅಷ್ಟೇ ಇದ್ದರೆ ಎಲ್ಲೋ ಸೋರಿಕೆ. ಹೆಚ್ಚುತ್ತ ಹೋದರೆ ಸೋರಿಕೆಯ ಜೊತೆಗೆ ಎಲ್ಲೋ ಕೊಳೆ ಕಟ್ಟಿಕೊಳ್ಳುತ್ತಿದೆ.

ಸೋರಿಕೆ ಎಂದಾಕ್ಷಣ ಎಲ್ಲರೂ ನೋಡುವುದು ಒದ್ದೆಯಾದ ಜಾಗವನ್ನು. ಗಾಳಿಯ ವಿಷಯದಲ್ಲಿ ಇದು ತಲೆಕೆಳಗು. ತೊಟ್ಟಿಯ ನೀರಿನ ಮಟ್ಟದಲ್ಲಿ, ಗೋಡೆಯ ಮೇಲೂ ಪೈಪಿನ ಮೇಲೂ ಒಂದು ಅಡ್ಡಗೆರೆ ಎಳೆದಂತೆ ಊಹಿಸಿಕೊಳ್ಳಿ. ಆ ಗೆರೆಗಿಂತ ಕೆಳಗೆ ನೀರಿನ ಒತ್ತಡ ಹೊರಗಿನ ಗಾಳಿಗಿಂತ ಹೆಚ್ಚು. ಅಲ್ಲಿ ತೂತಿದ್ದರೆ ನೀರು ಹೊರಗೆ ಬರುತ್ತದೆ. ಗೆರೆಗಿಂತ ಮೇಲೆ, ಅಂಚು ದಾಟುವ ಆ ಯು ಆಕಾರದ ಕೊಳವೆಯೊಳಗೆ, ಒತ್ತಡ ಹೊರಗಿನ ಗಾಳಿಗಿಂತ ಕಡಿಮೆ. ಪ್ರತಿ 10 ಸೆಂಟಿಮೀಟರ್ ಎತ್ತರಕ್ಕೆ ಸುಮಾರು 1 ಕಿಲೋಪ್ಯಾಸ್ಕಲ್ ಕಡಿಮೆ. ಅಲ್ಲಿ ತೂತಿದ್ದರೆ ಒಂದು ಹನಿ ನೀರೂ ಹೊರಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಸೋರುತ್ತಿರುವ ಜಾಗ ಒಣಗಿ ಗರಿಗರಿಯಾಗಿರುತ್ತದೆ! ಕಪಾಟಿನೊಳಗೆ ಟಾರ್ಚ್ ಹಿಡಿದು ಹುಡುಕಿದರೆ ಅದು ಸಿಗುವುದಿಲ್ಲ. ನೋಡಬೇಕಾದದ್ದು ತೊಟ್ಟಿಯ ಅಂಚನ್ನು.

ಆ ಜಾಗ ಪತ್ತೆ ಮಾಡಲು ಒಂದು ಚಮಚ ನೀರು ಸಾಕು. ಪಂಪು ಓಡುತ್ತಿರುವಾಗ ಯು ಕೊಳವೆಯ ಒಂದೊಂದು ಜಾಯಿಂಟಿನ ಮೇಲೂ ಸುತ್ತ ನೀರು ಸುರಿದು ಕಿವಿಗೊಡಿ. ಎಲ್ಲಿ ಸುರಿದಾಗ ಸುಯ್ ಎನ್ನುವುದು ಕ್ಷಣ ನಿಂತು, ನೀರು ಸರ್ರನೆ ಒಳಗೆಳೆದುಕೊಳ್ಳುತ್ತದೋ ಅದೇ ಕಳ್ಳ. ಅಡುಗೆಮನೆಯ ಕ್ಲಿಂಗ್ ಫಿಲ್ಮ್ ನಾಲ್ಕು ಸುತ್ತು ಬಿಗಿದು ಒಂದು ತಾಸು ಬಿಟ್ಟು ನೋಡಿದರೂ ಆಗುತ್ತದೆ. ಗ್ಯಾಸ್ ಸಿಲಿಂಡರಿಗೆ ಮಾಡುವಂತೆ ಸೋಪಿನ ನೊರೆ ಹಚ್ಚಬೇಡಿ. ಒಳಗೆ ಎಳೆಯುವ ಜಾಗದಲ್ಲಿ ನೊರೆ ಉಬ್ಬುವುದೂ ಇಲ್ಲ, ಸೋಪು ನೇರ ಮೀನಿನ ಕಿವಿರಿಗೆ ಹೋಗುತ್ತದೆ.

ಕಾರಣ ಹೆಚ್ಚಾಗಿ ಪೈಪಿನ ತುದಿ ಗಟ್ಟಿಯಾಗಿರುವುದು. ಪಿವಿಸಿ ಪೈಪು ವರ್ಷಗಳಲ್ಲಿ ಮೃದುತನ ಕಳೆದುಕೊಂಡು, ಕೊಳವೆಯ ಮೇಲೆ ಬಿಗಿಯಾಗಿ ಕೂರದೆ ಅಗಲಗೊಳ್ಳುತ್ತದೆ. ಆ ತುದಿಯಿಂದ 2 ಸೆಂಟಿಮೀಟರ್ ನೇರವಾಗಿ ಕತ್ತರಿಸಿ, ಹೊಸ ತುದಿಯನ್ನು ಅರ್ಧ ನಿಮಿಷ ಬಿಸಿನೀರಿನಲ್ಲಿ ಅದ್ದಿ ಒತ್ತಿ ಕೂರಿಸಿ, ಕ್ಲಾಂಪ್ ಹಾಕಿ. ಪೈಪು ಕೊಳ್ಳುವಾಗ ಒಳ-ಹೊರ ಅಳತೆ ಎರಡನ್ನೂ ಹೇಳಿ. 12/16, 16/22 ಎಂದು ಬರೆದಿರುವುದು ಮಿಲಿಮೀಟರಿನಲ್ಲಿ ಅದೇ.

ಗೆರೆಯ ಕೆಳಗೆ ಗಾಳಿ ಎಳೆಯುವುದೇ ಇಲ್ಲವೇ ಎಂದರೆ, ಎಳೆಯುತ್ತದೆ, ಒಂದು ಸಂದರ್ಭದಲ್ಲಿ. ನೀರು ಒಳಬರುವ ಜಾಲರಿಗೆ ಎಲೆ, ಪಾಚಿ ಮೆತ್ತಿಕೊಂಡಾಗ, ಅದಕ್ಕೆ ತೊಡಿಸಿದ ಸ್ಪಂಜು ಕಟ್ಟಿಕೊಂಡಾಗ, ಮೇಲಿನಿಂದ ಬರುವ ನೀರು ಸಾಲದೆ ಪಂಪು ಎಳೆಯತೊಡಗುತ್ತದೆ. ಆಗ ತಲೆಭಾಗದ ಒಳಗಿನ ಒತ್ತಡ ಹೊರಗಿನದ್ದಕ್ಕಿಂತ ಕೆಳಗಿಳಿದು ಓ-ರಿಂಗಿನ ಸಂದಿಯಿಂದ ಗಾಳಿ ಒಳನುಗ್ಗುತ್ತದೆ. ಇದನ್ನು ಹಿಡಿಯುವ ಉಪಾಯ ಪಂಪು ನಿಲ್ಲಿಸುವುದು. ನಿಲ್ಲಿಸಿ, ಮುಚ್ಚಳದ ಸುತ್ತ ಮತ್ತು ವಾಲ್ವಿನ ಬುಡಕ್ಕೆ ಟಿಶ್ಯೂ ಪೇಪರ್ ಸುತ್ತಿ ಒಂದು ತಾಸು ಬಿಡಿ. ಓಡುವಾಗ ಒಣಗಿದ್ದು ನಿಂತಾಗ ಒದ್ದೆಯಾದರೆ, ಓಡುವಾಗ ಗಾಳಿ ಹೋಗುತ್ತಿದ್ದದ್ದೂ ಅಲ್ಲಿಂದಲೇ. ಓ-ರಿಂಗ್ ಬದಲಿಸಿ, ಆದರೆ ಅದಕ್ಕೂ ಮೊದಲು ಜಾಲರಿ ತೊಳೆಯಿರಿ.

ಇದೇ ಕಾರಣಕ್ಕೆ, ನೀರಿನ ಓಟ ತಗ್ಗಿಸಬೇಕೆಂದರೆ ಹೊರಹೋಗುವ ವಾಲ್ವನ್ನಷ್ಟೇ ತಿರುಗಿಸಿ. ಒಳಬರುವ ವಾಲ್ವ್ ಅರ್ಧ ಮುಚ್ಚುವುದೆಂದರೆ ನೀವೇ ಕೈಯಾರೆ ಜಾಲರಿಗೆ ಕೊಳೆ ಮೆತ್ತಿದ ಹಾಗೆ.

ಇನ್ನೊಂದು ಗುರುತು: ಸ್ಪ್ರೇ ಬಾರಿನಿಂದ ಗುಳ್ಳೆ ಬರುತ್ತಿದೆ, ಡಬ್ಬಿಯಲ್ಲಿ ಮಾತ್ರ ಸದ್ದೇ ಇಲ್ಲ. ಹಾಗಾದರೆ ಗಾಳಿ ಸೇರುತ್ತಿರುವುದು ಹೊರಹೋಗುವ ಪೈಪಿನ ಅಂಚಿನ ಜಾಯಿಂಟಿನಲ್ಲಿ. ಪಂಪಿಗೆ ಅದರಿಂದ ತೊಂದರೆಯಿಲ್ಲ.

ಸೋರಿಕೆಗಿಂತ ಸರಳವಾದ ಕಾರಣಗಳೂ ಇವೆ. ಏರ್ ಪಂಪಿನ ಗಾಳಿಯನ್ನು ಗುಳ್ಳೆಯಾಗಿ ಬಿಡುವ ಏರ್‌ಸ್ಟೋನ್ ಜಾಲರಿಯ ಕೆಳಗೇ ಇರುವುದು. ಗಿಡದ ತೊಟ್ಟಿಯಲ್ಲಿ ಇಂಗಾಲದ ಡೈಆಕ್ಸೈಡ್ ಗುಳ್ಳೆ ಬಿಡುವ ಸಿಒಟು ಡಿಫ್ಯೂಸರ್ ಜಾಲರಿಯ ಪಕ್ಕದಲ್ಲಿ ಕೂತಿರುವುದು. ಬೇಸಿಗೆಯಲ್ಲಿ ನೀರು ಆವಿಯಾಗಿ ಮಟ್ಟ ಇಳಿದು, ಮೇಲ್ಮೈಯ ನೀರನ್ನು ಹೀರುವ ಸ್ಕಿಮ್ಮರ್ ಗಾಳಿ ಕುಡಿಯುತ್ತಿರುವುದು. ಕಲಬುರಗಿ, ರಾಯಚೂರಿನ ಕಡೆಯ ಬೇಸಿಗೆಯಲ್ಲಿ ಸ್ಕಿಮ್ಮರ್ ಹಾಕಿದವರು ಮಟ್ಟದ ಮೇಲೆ ದಿನಾ ಕಣ್ಣಿಡಬೇಕು. ಏರ್‌ಸ್ಟೋನಿನ ಮೇಲೆ ಅನುಮಾನವಿದ್ದರೆ ಏರ್ ಪಂಪು ಒಂದು ತಾಸು ನಿಲ್ಲಿಸಿ ನೋಡುವುದು, ಅಷ್ಟೇ ಪರೀಕ್ಷೆ.

ಇನ್ನು, ಯಾರೂ ಬಿಡದೆ ತಾನಾಗಿ ಹುಟ್ಟುವ ಗಾಳಿ. ನೀರಿನಲ್ಲಿ ಅನಿಲ ಕರಗಿರುತ್ತದೆ, ನೀರು ಬೆಚ್ಚಗಾದಂತೆ ಹೊರಬೀಳುತ್ತದೆ. ಸಮುದ್ರಮಟ್ಟದಲ್ಲಿ 20 ಡಿಗ್ರಿಯ ಸಿಹಿನೀರು ಲೀಟರಿಗೆ 9.1 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟರೆ, 30 ಡಿಗ್ರಿಯಲ್ಲಿ 7.6 ಮಾತ್ರ. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಅಲ್ಲಿ ಇದಕ್ಕಿಂತ ಹತ್ತರಲ್ಲಿ ಒಂದು ಪಾಲು ಕಡಿಮೆ. ಚಳಿಗಾಲದ ಬೆಳಿಗ್ಗೆ ತಣ್ಣನೆ ನಲ್ಲಿನೀರನ್ನು 27 ಡಿಗ್ರಿಯ ತೊಟ್ಟಿಗೆ ಸುರಿದರೆ ಗಾಜಿನ ಮೇಲೆ, ಎಲೆಗಳ ಮೇಲೆ ಬೆಳ್ಳಿಯ ಸಣ್ಣ ಮಣಿಗಳು ಕೂರುತ್ತವಲ್ಲ, ಅದೇ ಮಣಿಗಳು ಫಿಲ್ಟರಿನ ಸಿರಾಮಿಕ್ ಉಂಗುರಗಳ ಮೇಲೂ ಕೂರುತ್ತವೆ; ಒಂದಕ್ಕೊಂದು ಸೇರಿ ದೊಡ್ಡದಾಗಿ, ಆಗಾಗ ಮೇಲೆದ್ದು ಇಂಪೆಲ್ಲರಿಗೆ ಸಿಗುತ್ತವೆ. ಬೋರ್‌ವೆಲ್ ನೀರೂ ನೆಲದಾಳದ ಒತ್ತಡದಲ್ಲಿ ಅನಿಲ ಹೊತ್ತು ಬಂದಿರಬಹುದು. ನೀರನ್ನು ಹಿಂದಿನ ರಾತ್ರಿಯೇ ಡ್ರಮ್ಮಿನಲ್ಲಿ ಹಿಡಿದು ಏರ್‌ಸ್ಟೋನ್ ಹಾಕಿಟ್ಟರೆ ಎರಡೂ ಮುಗಿಯಿತು. ನೀರು ಬದಲಿಸಿದ ದಿನ ಮಾತ್ರ ಕೇಳಿಸುವ ಗುಳುಗುಳುವಿಗೆ ಫಿಲ್ಟರ್ ಬಿಚ್ಚಬೇಡಿ.

ಹೊಸ ಮೀಡಿಯಾ, ಅಂದರೆ ಬುಟ್ಟಿಗೆ ತುಂಬುವ ಸೋಸುವ ಸಾಮಗ್ರಿ, ಕೂಡ ಹೀಗೇ. ಒಣ ಇದ್ದಿಲನ್ನು ನೀರಿಗೆ ಹಾಕಿದರೆ ಚುಯ್ ಎನ್ನುತ್ತದೆ; ಅದರ ರಂಧ್ರಗಳಿಂದ ತಾಸುಗಟ್ಟಲೆ ಗಾಳಿ ಹೊರಡುತ್ತದೆ. ಇದ್ದಿಲು, ಸಿರಾಮಿಕ್ ಎರಡನ್ನೂ ಒಂದು ರಾತ್ರಿ ಬಕೆಟ್ಟಿನಲ್ಲಿ ನೆನೆಹಾಕಿ ಮರುದಿನ ಬುಟ್ಟಿಗೆ ತುಂಬಿ. ಬಯೋ ಬಾಲುಗಳೆಂಬ ಸಂದುಸಂದಿನ ಪ್ಲಾಸ್ಟಿಕ್ ಚೆಂಡುಗಳನ್ನು ಕ್ಯಾನಿಸ್ಟರಿಗೆ ಹಾಕುವುದು ನಮಗೆ ಸರಿಕಾಣುವುದಿಲ್ಲ. ಅವು ನೀರು ಮೇಲಿನಿಂದ ತೊಟ್ಟಿಕ್ಕುವ ಫಿಲ್ಟರಿಗಾಗಿ, ಗಾಳಿಯ ನಡುವೆ ಕೆಲಸ ಮಾಡಲೆಂದೇ ಮಾಡಿದವು. ಮುಳುಗಿದ ಡಬ್ಬಿಯಲ್ಲಿ ಅವುಗಳ ಸಂದುಗಳು ಗುಳ್ಳೆಗಳಿಗೆ ಮನೆ.

ಕೊನೆಯದಾಗಿ, ಅಲಕ್ಷ್ಯ ಮಾಡಬಾರದ ಗಾಳಿಯೊಂದಿದೆ. ತಿಂಗಳುಗಟ್ಟಲೆ ತೊಳೆಯದ ಮೀಡಿಯಾದಲ್ಲಿ ಕೆಸರು ಕಟ್ಟಿ, ಆಮ್ಲಜನಕ ತಲುಪದ ಜಾಗಗಳಾಗುತ್ತವೆ. ಅಲ್ಲಿನ ಬ್ಯಾಕ್ಟೀರಿಯಾ ನೈಟ್ರೇಟನ್ನು ಒಡೆದು ನೈಟ್ರೋಜನ್ ಅನಿಲ ಬಿಡುತ್ತದೆ. ಅದು ನಿರುಪದ್ರವಿ. ಆದರೆ ಮುಚ್ಚಳ ತೆರೆದಾಗ ಕೊಳೆತ ಮೊಟ್ಟೆಯ ವಾಸನೆ ಬಂದರೆ ಅದು ಹೈಡ್ರೋಜನ್ ಸಲ್ಫೈಡ್, ಮೀನಿಗೆ ವಿಷ. ಆ ನೀರು ಒಂದು ಲೋಟವೂ ತೊಟ್ಟಿಗೆ ಹೋಗಕೂಡದು. ಕರೆಂಟು ಹಲವು ತಾಸು ಹೋಗಿದ್ದಾಗಲೂ ಇದೇ ಎಚ್ಚರಿಕೆ: ಮುಚ್ಚಿದ ಡಬ್ಬಿಯಲ್ಲಿ ಬ್ಯಾಕ್ಟೀರಿಯಾ ಇದ್ದ ಆಮ್ಲಜನಕವನ್ನೆಲ್ಲ ಮುಗಿಸಿ ಸಾಯತೊಡಗುತ್ತದೆ. ಕರೆಂಟು ಬಂದ ಕೂಡಲೇ ಪಂಪು ಆ ಹಳಸಿದ ನೀರನ್ನು ತೊಟ್ಟಿಗೆ ಉಗುಳದಂತೆ ಪ್ಲಗ್ ಕಿತ್ತಿಟ್ಟಿರಿ. ಡಬ್ಬಿಯ ನೀರು ಗಿಡಕ್ಕೆ ಚೆಲ್ಲಿ, ಮೀಡಿಯಾವನ್ನು ತೊಟ್ಟಿಯ ನೀರಿನಲ್ಲಿ ಅಲುಬಿ, ಆಗ ಹೇಳಿದ ಕ್ರಮದಲ್ಲೇ ತುಂಬಿ ಶುರು ಮಾಡಿ. ನೇರ ನಲ್ಲಿಯ ಕೆಳಗೆ ತೊಳೆದರೆ ಉಳಿದ ಬ್ಯಾಕ್ಟೀರಿಯಾವನ್ನೂ ಕ್ಲೋರಿನ್ ಮುಗಿಸುತ್ತದೆ.

ಬೇರೆ ಫಿಲ್ಟರುಗಳ ಬಗ್ಗೆ ಚುಟುಕಾಗಿ. ಅಂಚಿಗೆ ತೂಗುಹಾಕುವ ಫಿಲ್ಟರಿನ ಪೆಟ್ಟಿಗೆಗೆ ಮೊದಲು ಲೋಟದಲ್ಲಿ ನೀರು ತುಂಬಿಸಿ, ತೊಟ್ಟಿಯ ಮಟ್ಟ ಅಂಚಿಗೆ ಎರಡು ಬೆರಳಿನಷ್ಟೇ ಕೆಳಗಿರಲಿ. ನೀರೊಳಗಿನ ಪವರ್ ಫಿಲ್ಟರ್ ಗುಳ್ಳೆ ಬಿಟ್ಟರೆ ಅದರ ಸಣ್ಣ ಗಾಳಿನಳಿಕೆ ತೆರೆದಿದೆ ಎಂದರ್ಥ. ಕೆಟ್ಟಿಲ್ಲ, ಅದರ ಕೆಲಸವೇ ಅದು. ಸ್ಪಂಜ್ ಫಿಲ್ಟರ್ ತೇಲಿದರೆ ನೀರೊಳಗೇ ನಾಲ್ಕು ಸಲ ಹಿಂಡಿ.

ಕೇಳಿಬಂದ ಪ್ರಶ್ನೆಗಳಲ್ಲಿ ಕೆಲವು:

"ಪ್ರೈಮಿಂಗ್ ಬಟನ್ ಒತ್ತಿದರೆ ಬರೀ ಪಟಪಟ ಅನ್ನುತ್ತದೆ, ನೀರು ಬರುವುದಿಲ್ಲ." ಬಟನ್ ಕೆಳಗಿನ ರಬ್ಬರ್ ಪರದೆ ಒಣಗಿ ಅಂಟಿರಬಹುದು, ಇಲ್ಲವೇ ಓ-ರಿಂಗ್ ಕೂತಿಲ್ಲ. ಎರಡನ್ನೂ ನೋಡುವ ಮೊದಲು ಜಾಲರಿ ನೀರಿನಲ್ಲಿ ಮುಳುಗಿದೆಯೇ, ಒಳಬರುವ ವಾಲ್ವ್ ತೆರೆದಿದೆಯೇ ನೋಡಿ. ಬಟನ್ನನ್ನೇ ನೆಚ್ಚಬೇಕಿಲ್ಲ, ಡಬ್ಬಿಯನ್ನು ಮೊದಲೇ ನೀರಿನಿಂದ ತುಂಬಿಸಿದ್ದರೆ ಅದರ ಕೆಲಸ ಅರ್ಧಕ್ಕಿಂತ ಹೆಚ್ಚು ಮುಗಿದಿರುತ್ತದೆ.

"ಗಾಳಿಯೂ ಇಲ್ಲ, ಸೋರಿಕೆಯೂ ಇಲ್ಲ, ಕಟಕಟ ಮಾತ್ರ ನಿಂತಿಲ್ಲ." ಇಂಪೆಲ್ಲರ್ ಹೊರತೆಗೆದು ಕೂದಲು, ಮರಳು ಬಿಡಿಸಿ. ಬೋರ್‌ವೆಲ್ಲಿನ ಗಡಸು ನೀರಾದರೆ ಬಿಳಿ ಸುಣ್ಣ ಕಟ್ಟಿರುತ್ತದೆ; ಬಿಳಿ ವಿನಿಗರ್ ಮತ್ತು ನೀರು ಸಮಸಮ ಬೆರೆಸಿ ಅರ್ಧ ಗಂಟೆ ನೆನೆಸಿ, ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜಿ, ಚೆನ್ನಾಗಿ ತೊಳೆಯಿರಿ. ಸಿರಾಮಿಕ್ ದಂಡ ಗಾಜಿನಂತೆ ಮುರಿಯುತ್ತದೆ, ಎಳೆಯುವಾಗ ನೆಟ್ಟಗೆ ಎಳೆಯಿರಿ.

"ಕಪಾಟು ಇಲ್ಲ, ಫಿಲ್ಟರನ್ನು ತೊಟ್ಟಿಯ ಪಕ್ಕದಲ್ಲೇ ಮೇಜಿನ ಮೇಲೆ ಇಡಬಹುದಾ?" ಡಬ್ಬಿಯ ತಲೆ ನೀರಿನ ಮಟ್ಟಕ್ಕಿಂತ ಕನಿಷ್ಠ ಒಂದು ಗೇಣು ಕೆಳಗಿರಬೇಕು. ಸಮಮಟ್ಟದಲ್ಲಿಟ್ಟರೆ ಗಾಳಿಯನ್ನು ತಳ್ಳುವ ಒತ್ತಡವೇ ಇರುವುದಿಲ್ಲ, ತಲೆಯಲ್ಲಿ ಕೂತದ್ದು ಅಲ್ಲೇ ಕೂರುತ್ತದೆ. ನೆಲದ ಮೇಲೆ ಇಡಿ. ವೈರನ್ನು ಮಾತ್ರ ಸಾಕೆಟ್ಟಿಗಿಂತ ಕೆಳಗೆ ಒಂದು ಸುತ್ತು ಜೋತುಬಿಟ್ಟು ಸಿಕ್ಕಿಸಿ. ಪೈಪಿನಿಂದ ಹನಿ ಬಿದ್ದರೂ ಅದು ವೈರ್ ಹಿಡಿದು ಸಾಕೆಟ್ಟಿಗೆ ಹೋಗದೆ ಆ ಜೋತಿನಿಂದ ನೆಲಕ್ಕೆ ತೊಟ್ಟಿಕ್ಕುತ್ತದೆ.